ದೋಣಿ ಇಳಿಸಲು ಒಂದು ಜಾಗ ಬೇಕು

1965ರಲ್ಲಿ ಅಮೆರಿಕದ ಓಹಾಯೊ ರಾಜ್ಯದಿಂದ ಒಂದು ಕಾರು ಪೂರ್ವ ಕರಾವಳಿಯತ್ತ ಹೊರಟಿತು. ಅದರ ಬೆನ್ನಿಗೆ ಟ್ರೇಲರ್, ಟ್ರೇಲರಿನ ಮೇಲೆ ಹದಿಮೂರೂವರೆ ಅಡಿ ಉದ್ದದ ಹಳೆಯ ಮರದ ಹಾಯಿದೋಣಿ. ದೋಣಿಯ ಹೆಸರು ಟಿಂಕರ್‌ಬೆಲ್. ಒಡೆಯ ರಾಬರ್ಟ್ ಮ್ಯಾನ್ರಿ, ಕ್ಲೀವ್‌ಲ್ಯಾಂಡಿನ ‘ಪ್ಲೇನ್ ಡೀಲರ್’ ಪತ್ರಿಕೆಯಲ್ಲಿ ಬೇರೆಯವರ ವರದಿಗಳನ್ನು ತಿದ್ದುತ್ತಿದ್ದ ಉಪಸಂಪಾದಕ. ದೋಣಿಯನ್ನು ಅವರು ಕೊಂಡದ್ದು 160 ಡಾಲರಿಗೆ, ಅದೂ ಸೆಕೆಂಡ್ ಹ್ಯಾಂಡ್. ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ ರಸ್ತೆಯಲ್ಲೇ ಸಾಗಿ ಮ್ಯಾಸಚೂಸೆಟ್ಸ್‌ನ ಫಾಲ್ಮತ್ ಸೇರಿದ ಟಿಂಕರ್‌ಬೆಲ್ ಜೂನ್ 1ರಂದು ದಡ ಬಿಟ್ಟಿತು. ಆಗಸ್ಟ್ 17ರಂದು ಅದು ಇಂಗ್ಲೆಂಡಿನ ಫಾಲ್ಮತ್ ಬಂದರಿಗೆ ಬಂದಾಗ ನೋಡಲು ಸಾವಿರಾರು ಜನ ನೆರೆದಿದ್ದರು.

ಅಟ್ಲಾಂಟಿಕ್ ಮೇಲಿನ ಆ 78 ದಿನಗಳ ಕಥೆಯನ್ನು ಮ್ಯಾನ್ರಿ ವಿವರವಾಗಿಯೇ ಬರೆದಿಟ್ಟಿದ್ದಾರೆ. ಅಲೆಯ ಹೊಡೆತಕ್ಕೆ ಮತ್ತೆ ಮತ್ತೆ ನೀರಿಗೆ ಬಿದ್ದದ್ದು, ಮೈಗೆ ಕಟ್ಟಿಕೊಂಡ ಹಗ್ಗದ ಆಸರೆಯಿಂದ ದೋಣಿಗೆ ಹತ್ತಿದ್ದು, ನಿದ್ದೆಗೆಟ್ಟು ಇಲ್ಲದವರನ್ನೆಲ್ಲ ಕಂಡದ್ದು ಅದರಲ್ಲಿ ಬರುತ್ತದೆ. ಈ ಕಥೆಯನ್ನು ಮತ್ತೆ ಹೇಳುವವರು ಹೆದ್ದಾರಿಯ ಭಾಗವನ್ನು ಒಂದು ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ಪುಟ್ಟ ಹಾಯಿದೋಣಿಯ ದೂರಯಾನದಲ್ಲಿ ಎಚ್ಚರದಿಂದ ಓದಬೇಕಾದದ್ದು ಆ ಸಾಲನ್ನೇ. ದೋಣಿಯನ್ನು ಮನೆಯಂಗಳದಲ್ಲಿ ಇಟ್ಟುಕೊಂಡು, ಬೇಕಾದ ನೀರಿಗೆ ಕಾರಿನಲ್ಲಿ ಎಳೆದೊಯ್ದು, ಯಾರ ಅಪ್ಪಣೆಗೂ ಕಾಯದೆ ಇಳಿಸುವ ಅನುಕೂಲವೇ ಸಾಮಾನ್ಯ ಸಂಬಳದವರನ್ನು ನಾವಿಕರನ್ನಾಗಿ ಮಾಡಿದ್ದು. ಧೈರ್ಯದ ಮಾತು ಆಮೇಲಿನದು. ಮೊದಲು ಬೇಕಾದದ್ದು ನೀರಿನ ಅಂಚಿಗೆ ಇಳಿಯುವ ಒಂದು ದಾರಿ.

ಟ್ರೇಲರ್ ಮೇಲೆ ಸಾಗುವ ಹಾಯಿದೋಣಿಯ ಅಳತೆಯನ್ನು ಸಮುದ್ರಕ್ಕಿಂತ ರಸ್ತೆಯೇ ನಿರ್ಧರಿಸುತ್ತದೆ. ಅಮೆರಿಕದ ಹೆದ್ದಾರಿಗಳಲ್ಲಿ ವಿಶೇಷ ಪರವಾನಗಿ ಇಲ್ಲದೆ ಎಳೆಯಬಹುದಾದ ಅಗಲ ಎಂಟೂವರೆ ಅಡಿ. ತೂಕ ಮನೆಯ ಕಾರು ಎಳೆಯುವಷ್ಟಿರಬೇಕು. ಟ್ರೇಲರ್ ಮೇಲೆ ತಗ್ಗಾಗಿ ಕೂರಬೇಕಾದರೆ ತಳ ಚಪ್ಪಟೆಯಾಗಿರಬೇಕು. ಆದರೆ ಗಾಳಿ ಹಾಯಿಗೆ ಬಡಿದಾಗ ದೋಣಿ ಮಗುಚದಿರಲು ತಳದಿಂದ ಆಳಕ್ಕೆ ಇಳಿದ ಭಾರ, ಅಂದರೆ ಕೀಲ್, ಬೇಕೇ ಬೇಕು. ರಸ್ತೆ ಕೇಳುವುದು ಒಂದು, ಕಡಲು ಕೇಳುವುದು ಇನ್ನೊಂದು. ಈ ಜಗಳವನ್ನು ಬಗೆಹರಿಸಿದವರು ಇಬ್ಬರು ಕ್ಯಾಲಿಫೋರ್ನಿಯಾದ ಉದ್ಯಮಿಗಳು.

ಫ್ರಾಂಕ್ ಬಟ್ಲರ್ ಅವರ ಕಂಪನಿ 1970ರ ಸುಮಾರಿಗೆ ಮಾರುಕಟ್ಟೆಗೆ ತಂದ ಕ್ಯಾಟಲೀನಾ 22 ದೋಣಿಯ ಕೀಲ್ ಮಡಚಿಕೊಳ್ಳುತ್ತದೆ. ಸುಮಾರು 250 ಕಿಲೋ ಭಾರದ ಆ ಕಬ್ಬಿಣವನ್ನು ಒಳಗೆ ಕೂತು ಕೈಯಿಂದಲೇ ತಿರುಗಿಸುವ ರಾಟೆಯಿಂದ ಮೇಲೆತ್ತಬಹುದು. ಎತ್ತಿದರೆ ದೋಣಿಗೆ ಎರಡು ಅಡಿ ನೀರು ಸಾಕು, ಇಳಿಸಿದರೆ ಐದು ಅಡಿ ಬೇಕು. ಹದಿನೈದು ಸಾವಿರಕ್ಕೂ ಹೆಚ್ಚು ಕ್ಯಾಟಲೀನಾ 22 ತಯಾರಾಗಿವೆ. ರೋಜರ್ ಮ್ಯಾಕ್‌ಗ್ರೆಗರ್ ಹಿಡಿದ ದಾರಿ ಬೇರೆ. ಅವರ 26 ಅಡಿಯ ದೋಣಿಯ ತಳದಲ್ಲಿ ಒಂದು ಖಾಲಿ ತೊಟ್ಟಿ ಇರುತ್ತದೆ. ನೀರಿಗೆ ಇಳಿದ ಮೇಲೆ ವಾಲ್ವ್ ತೆರೆದರೆ ಐನೂರು ಕಿಲೋಗೂ ಹೆಚ್ಚು ನೀರು ತುಂಬಿ ದೋಣಿಯನ್ನು ಸ್ಥಿರವಾಗಿಸುತ್ತದೆ. ವಾಪಸು ಬರುವಾಗ ಮೇಲೆಳೆದರೆ ಅದೇ ನೀರು ಸೋರಿಹೋಗುತ್ತದೆ. ಭಾರವನ್ನು ಹೊತ್ತು ತಿರುಗುವ ಬದಲು ಹೋದ ಊರಿನಲ್ಲೇ ತುಂಬಿಸಿಕೊಳ್ಳುವ ಉಪಾಯ ಇದು.

ಒಳಗಿನ ಜಾಗ ರೈಲಿನ ಕೆಳಬರ್ತ್‌ನಷ್ಟೇ. ಕೂರಬಹುದು, ಮಲಗಬಹುದು, ನೆಟ್ಟಗೆ ನಿಲ್ಲುವಂತಿಲ್ಲ. ಒಂದು ಉರಿಯ ಸ್ಟವ್, ಕ್ಯಾನ್‌ಗಳಲ್ಲಿ ಕುಡಿಯುವ ನೀರು, ಮುಚ್ಚಳವಿರುವ ಪುಟ್ಟ ಶೌಚದ ಡಬ್ಬ. ಇಷ್ಟರಲ್ಲೇ ಗಂಡ ಹೆಂಡತಿ ವಾರಗಟ್ಟಲೆ ಕಳೆಯುತ್ತಾರೆ.

ಈ ಇಕ್ಕಟ್ಟಿಗೆ ಪ್ರತಿಯಾಗಿ ಸಿಗುವುದೇನು ಎಂದು ಕೇಳಿದರೆ ಲೆಕ್ಕವನ್ನೇ ಮುಂದಿಡಬೇಕು. 22 ಅಡಿಯ ದೋಣಿ ಎಷ್ಟೇ ಗಾಳಿ ಇದ್ದರೂ ತಾಸಿಗೆ 11 ಕಿ.ಮೀ. ಮೀರುವುದು ಅಪರೂಪ, ಏಕೆಂದರೆ ನೀರಲ್ಲಿ ಮುಳುಗಿದ ಭಾಗದ ಉದ್ದವೇ ವೇಗಕ್ಕೆ ಮಿತಿ ಹಾಕುತ್ತದೆ. ಗಾಳಿಗೆ ಎದುರಾಗಿ ಹೋಗಬೇಕಾದರಂತೂ ನೇರ ದಾರಿಯೇ ಇಲ್ಲ; ಎಡಕ್ಕೊಮ್ಮೆ ಬಲಕ್ಕೊಮ್ಮೆ ಓರೆಯಾಗಿ ಸಾಗಿ 30 ಕಿ.ಮೀ. ದೂರದ ಊರಿಗೆ 42 ಕಿ.ಮೀ. ಹಾಯಿಸಬೇಕಾಗುತ್ತದೆ. ಅದೇ ದೋಣಿ ಟ್ರೇಲರ್ ಮೇಲೆ ಕೂತರೆ ಗಾಳಿಗೆ ಎದುರಾಗಿಯೇ ತಾಸಿಗೆ 90 ಕಿ.ಮೀ. ಓಡುತ್ತದೆ. ಟ್ರೇಲರ್ ನಾವಿಕರ ನಡುವೆ ಇದು ಹಳೆಯ ತಮಾಷೆ, ಆದರೆ ಅವರ ಯಾನದ ಯೋಜನೆಯೆಲ್ಲ ನಿಂತಿರುವುದು ಇದರ ಮೇಲೆಯೇ. ಚಳಿಗಾಲದಲ್ಲಿ ಫ್ಲಾರಿಡಾದ ಕೀಸ್ ದ್ವೀಪಗಳ ನಡುವೆ ಇದ್ದ ದೋಣಿ ಬೇಸಿಗೆಯಲ್ಲಿ ಕೆನಡಾದ ಹ್ಯೂರಾನ್ ಸರೋವರದ ನಾರ್ತ್ ಚಾನೆಲ್‌ನಲ್ಲಿ ಲಂಗರು ಹಾಕುತ್ತದೆ. ನೀರಿನಲ್ಲೇ ಹೋಗುವುದಾದರೆ ಇಡೀ ಪೂರ್ವ ಕರಾವಳಿ ಹತ್ತಿ, ಹಡ್ಸನ್ ನದಿಯಲ್ಲಿ ಸಾಗಿ, ಹಾಯಿಕಂಬ ಇಳಿಸಿ ಈರೀ ಕಾಲುವೆಯ ಸೇತುವೆಗಳ ಕೆಳಗೆ ನುಸುಳಬೇಕು. ನೌಕರಿಯಲ್ಲಿರುವವರಿಗೆ ಅಷ್ಟು ತಿಂಗಳ ರಜೆ ಎಲ್ಲಿ ಸಿಗುತ್ತದೆ?

ಸಮುದ್ರವನ್ನೇ ನೆಚ್ಚಿದವರೂ ರಸ್ತೆಯನ್ನು ಕಡೆಗಣಿಸಿಲ್ಲ. ಅಮೆರಿಕದ ವೆಬ್ ಚೈಲ್ಸ್ ಒಂದು ಟನ್ನಿಗೂ ಹಗುರವಾದ 24 ಅಡಿಯ ‘ಗ್ಯಾನೆಟ್’ ದೋಣಿಯಲ್ಲಿ 2014ರಲ್ಲಿ ಸ್ಯಾನ್ ಡಿಯೆಗೊ ಬಿಟ್ಟು, ಭೂಮಿಯನ್ನು ಸುತ್ತಿ 2019ರಲ್ಲಿ ಅಲ್ಲಿಗೇ ಮರಳಿದರು. ಆಗ ಅವರಿಗೆ 77 ವರ್ಷ. ಒಂದು ಕಣ್ಣಿನ ದೃಷ್ಟಿ ಹೋಗಿತ್ತು. ಅದು ಅವರ ಆರನೆಯ ಭೂಪ್ರದಕ್ಷಿಣೆ. ಪನಾಮಾ ತಲುಪಿದಾಗ ಅವರು ಕಾಲುವೆಯ ದಾರಿ ಹಿಡಿಯದೆ ಗ್ಯಾನೆಟ್ಟನ್ನು ಲಾರಿಯ ಮೇಲೇರಿಸಿ ಒಂದು ಸಾಗರದಿಂದ ಇನ್ನೊಂದು ಸಾಗರಕ್ಕೆ ದಾಟಿಸಿದರು. ಇದರಿಂದ ಅವರ ಸಾಧನೆ ಕಡಿಮೆಯಾಯಿತೆಂದು ಯಾರೂ ಹೇಳಲಾರರು.

ಇಷ್ಟರಿಂದ ಪುಟ್ಟ ದೋಣಿಯಲ್ಲಿ ಏನು ಬೇಕಾದರೂ ಸಾಧ್ಯ ಎಂಬ ಹುಂಬತನಕ್ಕೆ ಇಳಿಯಬಾರದು. ಬ್ರಿಟನ್ನಿನ ಫ್ರಾಂಕ್ ಡೈ ವೇಫೇರರ್ ಎಂಬ ಹದಿನಾರು ಅಡಿಯ ತೆರೆದ ದೋಣಿಯಲ್ಲಿ 1963ರಲ್ಲಿ ಸ್ಕಾಟ್ಲೆಂಡಿನಿಂದ ಐಸ್‌ಲ್ಯಾಂಡಿಗೆ, ಮರುವರ್ಷ ನಾರ್ವೆಗೆ ಹೋದರು. ಎರಡನೆಯ ಯಾನದಲ್ಲಿ ಬಿರುಗಾಳಿಗೆ ಹಾಯಿಕಂಬ ಮುರಿಯಿತು, ದೋಣಿ ಹಲವು ಸಲ ಮಗುಚಿತು. ಡೈ ಬದುಕಿ ಬಂದದ್ದು ದೋಣಿಯ ಒಂದೊಂದು ಹಗ್ಗವನ್ನೂ ಬಲ್ಲವರಾಗಿದ್ದರಿಂದ. ಹಾಗೆ ಹೋಗಿ ಎಂದು ಹೊಸಬರಿಗೆ ಹೇಳುವುದು ಅಪರಾಧವಾದೀತು. ಬಹುಪಾಲು ಟ್ರೇಲರ್ ನಾವಿಕರು ದಡ ಕಾಣುವ ದೂರದಲ್ಲೇ ಇರುತ್ತಾರೆ. ಮಯಾಮಿಯಿಂದ ಬಹಾಮಾದ ಬಿಮಿನಿ ದ್ವೀಪಕ್ಕೆ ಕೇವಲ 80 ಕಿ.ಮೀ.; ಆದರೆ ನಡುವೆ ಉತ್ತರಕ್ಕೆ ಹರಿಯುವ ಗಲ್ಫ್ ಸ್ಟ್ರೀಮ್ ಪ್ರವಾಹವಿದೆ. ಗಾಳಿ ಉತ್ತರದಿಂದ ಬೀಸಿದ ದಿನ ಗಾಳಿ ಮತ್ತು ಪ್ರವಾಹ ಎದುರುಬದುರಾಗಿ ಅಲೆಗಳು ಗೋಡೆಯಂತೆ ಕಡಿದಾಗುತ್ತವೆ. ಅಂಥ ದಿನಗಳಲ್ಲಿ ತಿಳಿದವರು ಫ್ಲಾರಿಡಾದಲ್ಲೇ ಕಾಯುತ್ತಾರೆ, ಒಮ್ಮೊಮ್ಮೆ ವಾರಗಟ್ಟಲೆ. ಆ ಕಾಯುವಿಕೆಯೂ ನಾವಿಕ ವಿದ್ಯೆಯೇ.

ಇನ್ನು ಅಪಾಯಗಳೆಲ್ಲ ಅಲೆಯ ಮೇಲೆಯೇ ಇರುತ್ತವೆ ಎಂದುಕೊಳ್ಳುವುದೂ ತಪ್ಪು. ನೀರಿನಂಚಿನಲ್ಲಿ ಅಲ್ಯೂಮಿನಿಯಂ ಹಾಯಿಕಂಬ ಎತ್ತುವಾಗ ಮೇಲೆ ವಿದ್ಯುತ್ ತಂತಿ ಇದೆಯೇ ಎಂದು ನೋಡದೆ ಜೀವ ಕಳೆದುಕೊಂಡವರಿದ್ದಾರೆ. ಹೋಬೀ ಕ್ಯಾಟ್ ದೋಣಿಗಳ ಕಂಬದ ತುದಿಗೆ ವಿದ್ಯುತ್ ಹರಿಯದ ಫೈಬರ್ ತುಂಡು ಬಂದದ್ದು ಇಂಥ ಸಾವುಗಳ ನಂತರವೇ. ದೂರದಿಂದ ಓಡಿಬಂದ ಟ್ರೇಲರನ್ನು ತಕ್ಷಣ ನೀರಿಗೆ ಇಳಿಸಿದರೆ ಚಕ್ರದ ಕಾದ ಹಬ್ ಒಮ್ಮೆಲೇ ತಣಿದು, ಒಳಗಿನ ಗಾಳಿ ಕುಗ್ಗಿ, ಉಪ್ಪುನೀರನ್ನು ಬೇರಿಂಗಿನೊಳಗೆ ಹೀರಿಕೊಳ್ಳುತ್ತದೆ. ಮುಂದಿನ ಪ್ರಯಾಣದಲ್ಲಿ ತುಕ್ಕು ಹಿಡಿದ ಬೇರಿಂಗ್ ನಡುರಸ್ತೆಯಲ್ಲಿ ಕೈಕೊಡುತ್ತದೆ. ಅದಕ್ಕೇ ಅನುಭವಸ್ಥರು ಮೊದಲು ಚಹಾ ಕುಡಿದು ಚಕ್ರ ಆರಲು ಬಿಡುತ್ತಾರೆ.

ಇದೆಲ್ಲ ನಡೆಯುವುದು ರ್ಯಾಂಪ್ ಮೇಲೆ, ಅಂದರೆ ದಡದಿಂದ ನೀರಿನೊಳಕ್ಕೆ ಇಳಿಯುವ ಕಾಂಕ್ರೀಟ್ ಇಳಿಜಾರಿನ ಮೇಲೆ. ಅದು ತಾನಾಗಿ ಹುಟ್ಟಿದ್ದಲ್ಲ. ಅಮೆರಿಕದಲ್ಲಿ 1950ರ ಡಿಂಗೆಲ್-ಜಾನ್ಸನ್ ಕಾಯ್ದೆ ಮೀನು ಹಿಡಿಯುವ ಗಾಳ, ರೀಲುಗಳ ಮೇಲಿನ ತೆರಿಗೆಯನ್ನು ರಾಜ್ಯಗಳ ಮೀನು ಸಂಪತ್ತಿನ ಅಭಿವೃದ್ಧಿಗೆ ಮೀಸಲಿಟ್ಟಿತು. 1984ರ ತಿದ್ದುಪಡಿ ಮೋಟಾರು ದೋಣಿಗಳ ಇಂಧನ ತೆರಿಗೆಯನ್ನೂ ಆ ನಿಧಿಗೆ ಸೇರಿಸಿ, ಒಂದು ಪಾಲನ್ನು ದೋಣಿ ಇಳಿಸುವ ಸೌಕರ್ಯಕ್ಕೆ ಖರ್ಚು ಮಾಡಲೇಬೇಕೆಂದಿತು. ಆ ಪಾಲು ಈಗ ಶೇ 15. ಗಾಳಿಯನ್ನೇ ನಂಬಿದವನೆಂದು ಬೀಗುವ ಹಾಯಿ ನಾವಿಕ ನೀರಿಗಿಳಿಯುವುದು ಹೀಗೆ ಗಾಳ ಹಾಕುವವರ, ಮೋಟಾರು ಓಡಿಸುವವರ ದುಡ್ಡಿನ ಮೇಲೆ. ಸ್ವಾವಲಂಬನೆಯ ಕಥೆಗಳಲ್ಲಿ ಈ ಋಣದ ಪ್ರಸ್ತಾಪ ವಿರಳ.

ಸ್ವೀಡನ್ನಿನದು ಇನ್ನೊಂದು ಬಗೆ. ಅಲ್ಲಿ ಕಾಡು, ದಡಗಳಲ್ಲಿ ಸಂಚರಿಸುವ ಹಕ್ಕು ಎಲ್ಲರಿಗೂ ಇದೆ. 1994ರಿಂದ ಸಂವಿಧಾನದಲ್ಲೂ ಅದರ ಉಲ್ಲೇಖವಿದೆ. ಸ್ಟಾಕ್‌ಹೋಮ್ ಎದುರಿನ ಮೂವತ್ತು ಸಾವಿರದಷ್ಟು ದ್ವೀಪ, ಬಂಡೆಗಳ ನಡುವೆ ತಿರುಗುವವರು ಯಾರದೋ ಒಡೆತನದ ದಡದಲ್ಲೂ, ಮನೆಯಿಂದ ದೂರವಿದ್ದು, ಒಂದೆರಡು ರಾತ್ರಿ ದೋಣಿ ಕಟ್ಟಬಹುದು. ಹಕ್ಕಿಗಳು ಮೊಟ್ಟೆಯಿಡುವ ಸಂರಕ್ಷಿತ ದ್ವೀಪಗಳಿಗೆ ಮಾತ್ರ ಆ ಕಾಲದಲ್ಲಿ ಕಾಲಿಡುವಂತಿಲ್ಲ.

ದೋಣಿ ಇಳಿಸುವ ಸೌಕರ್ಯ ಕೈತಪ್ಪಿದರೆ ಏನಾಗುತ್ತದೆಂಬುದಕ್ಕೂ ಉದಾಹರಣೆ ಇದೆ. ಯೂಟಾ ಮತ್ತು ಅರಿಜೋನಾ ಗಡಿಯ ಲೇಕ್ ಪೊವೆಲ್ ಜಲಾಶಯದಲ್ಲಿ ಬರಗಾಲದಿಂದ 2021ರಲ್ಲಿ ನೀರು ಎಷ್ಟು ತಗ್ಗಿತೆಂದರೆ ಒಂದಾದ ಮೇಲೊಂದು ರ್ಯಾಂಪ್ ಒಣನೆಲದಲ್ಲಿ ಕೊನೆಗೊಂಡಿತು. ಮೈಲಿಗಟ್ಟಲೆ ನೀರು ಕಣ್ಣೆದುರೇ ಇದ್ದರೂ ಅನೇಕ ಕಡೆ ದೋಣಿ ಇಳಿಸಲು ದಾರಿಯಿರಲಿಲ್ಲ.

ಕರ್ನಾಟಕದ ಸ್ಥಿತಿ ಇದಕ್ಕೆ ಹತ್ತಿರ, ಬರಗಾಲ ಇಲ್ಲದೆಯೇ. ಮುನ್ನೂರು ಕಿಲೋಮೀಟರಿಗೂ ಮೀರಿದ ಕರಾವಳಿ ನಮ್ಮದು. ಕಾರವಾರದಿಂದ ತಲಪಾಡಿಯವರೆಗೆ ಹೆದ್ದಾರಿ 66 ಕಡಲಿನ ಪಕ್ಕದಲ್ಲೇ ಓಡುತ್ತ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿಗಳನ್ನು ಅಳಿವೆಗಳ ಸಮೀಪದಲ್ಲೇ ದಾಟುತ್ತದೆ. ಟ್ರೇಲರ್ ಎಳೆಯಲು ಇದಕ್ಕಿಂತ ಒಳ್ಳೆಯ ದಾರಿ ಬೇಕಿಲ್ಲ. ನವೆಂಬರಿನಿಂದ ಮಾರ್ಚ್‌ವರೆಗೆ ಬೆಳಿಗ್ಗೆ ನೆಲದ ಕಡೆಯಿಂದ, ಮಧ್ಯಾಹ್ನ ಕಡಲ ಕಡೆಯಿಂದ ಬೀಸುವ ಗಾಳಿ ಪುಟ್ಟ ಹಾಯಿಗೆ ಹೇಳಿಮಾಡಿಸಿದ್ದು. ಒಂದು ಕಾಲದಲ್ಲಿ ಈ ಬಂದರುಗಳ ಸರಕೆಲ್ಲ ಹಾಯಿಯ ಬಲದಿಂದಲೇ ಸಾಗುತ್ತಿತ್ತು. ಮಂಗಳೂರಿನ ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ಸಾಮಾನು ಒಯ್ಯುವ ಮಂಜಿಗಳು ಆ ಪರಂಪರೆಯವೇ, ಈಗ ಎಂಜಿನ್ ಹೊತ್ತಿವೆ ಅಷ್ಟೆ. ಆದರೆ ಸ್ವಂತ ದೋಣಿಯನ್ನು ಎಳೆದು ತಂದವರು ಅದನ್ನು ಎಲ್ಲಿ ಇಳಿಸಬೇಕು? ಮೀನುಗಾರಿಕಾ ಬಂದರುಗಳು ದುಡಿಮೆಯ ಜಾಗಗಳು. ಅಲ್ಲಿ ವಿಹಾರದವರು ಅಡ್ಡ ಬರಬಾರದು. ಉಳಿಯುವುದು ಮರಳು ಮಾತ್ರ.

ಭಾರತಕ್ಕೆ ಹಾಯಿಯಾನ ಎಂದರೆ ನೌಕಾಪಡೆಯ ಸಾಹಸ ಎಂದಾಗಿದೆ. ಗೋವಾದಲ್ಲಿ ಕಟ್ಟಿದ 56 ಅಡಿಯ ‘ಮಾದೇಯಿ’ಯಲ್ಲಿ ದಿಲೀಪ್ ದೋಂದೆ, ಅಭಿಲಾಷ್ ಟಾಮಿ ಒಂಟಿಯಾಗಿ ಭೂಮಿ ಸುತ್ತಿದರು, 2017-18ರಲ್ಲಿ ಆರು ಮಹಿಳಾ ಅಧಿಕಾರಿಗಳು ‘ತಾರಿಣಿ’ಯಲ್ಲಿ ಅದನ್ನು ಮಾಡಿದರು. ಹೆಮ್ಮೆಯ ಸಂಗತಿಯೇ. ಆದರೆ ಹೊನ್ನಾವರದ ಹೈಸ್ಕೂಲು ಹುಡುಗಿಗೆ ಹಾಯಿ ಕಟ್ಟಲು ಕಲಿಸುವುದು ಅಂಥ ದೋಣಿಗಳಲ್ಲ, ಊರ ಅಳಿವೆಯಲ್ಲಿ ಭಾನುವಾರ ಇಳಿಸಬಹುದಾದ ಹದಿನೈದು ಅಡಿಯ ದೋಣಿ.

ಅದಕ್ಕೊಂದು ರ್ಯಾಂಪ್ ಕಟ್ಟಿಸಿ ಎಂದರೆ, ಇದು ಹಣವಂತರ ಶೋಕಿ, ಸರ್ಕಾರದ ದುಡ್ಡು ಏಕೆ ಎಂಬ ಆಕ್ಷೇಪ ಬರುತ್ತದೆ. ರ್ಯಾಂಪ್ ಇಲ್ಲದಿದ್ದಾಗಲೇ ಅದು ಹಣವಂತರ ಶೋಕಿಯಾಗಿ ಉಳಿಯುವುದು. ವರ್ಷವಿಡೀ ನೀರಿನಲ್ಲೇ ದೋಣಿ ನಿಲ್ಲಿಸಿ ಬಾಡಿಗೆ ಕಟ್ಟಬಲ್ಲವರಿಗೆ ಮರೀನಾ ಬೇಕು. ಸಂಜೆ ದೋಣಿಯನ್ನು ಮನೆಗೆ ಎಳೆದೊಯ್ಯುವವರಿಗೆ ಇಳಿಜಾರು ಸಾಕು. ನಾಡದೋಣಿಯನ್ನು ರಿಪೇರಿಗೆ ಮೇಲೆಳೆಯುವ ಮೀನುಗಾರರಿಗೂ, ನೆರೆ ಬಂದಾಗ ರಬ್ಬರ್ ದೋಣಿ ಇಳಿಸುವ ರಕ್ಷಣಾ ಪಡೆಗೂ ಅದೇ ಇಳಿಜಾರು ಒದಗುತ್ತದೆ. 2008ರ ಮುಂಬೈ ದಾಳಿಯ ನಂತರ ಅಪರಿಚಿತ ದೋಣಿಗಳ ಬಗ್ಗೆ ಕರಾವಳಿಯಲ್ಲಿ ಆತಂಕವಿರುವುದು ಸಹಜ. ಅದಕ್ಕೆ ಉತ್ತರ ಕದ್ದುಮುಚ್ಚಿ ಮರಳಿನಿಂದ ಇಳಿಯುವ ಸ್ಥಿತಿಯಲ್ಲ. ಹೆಸರು, ನೋಂದಣಿ, ಮರಳುವ ಹೊತ್ತು ಬರೆದುಕೊಳ್ಳುವ ಒಂದು ಗೊತ್ತಾದ ಜಾಗ.

ಇಲ್ಲಿನ ಕಡಲೂ ಈ ಕೆಲಸವನ್ನು ಸುಲಭ ಮಾಡಿದೆ. ಖಂಭಾತ್ ಕೊಲ್ಲಿಯಲ್ಲಿ ಉಬ್ಬರ ಇಳಿತಗಳ ಅಂತರ ಹತ್ತು ಮೀಟರ್ ಮುಟ್ಟುತ್ತದೆ. ಕರ್ನಾಟಕದ ತೀರದಲ್ಲಿ ಅದು ಸುಮಾರು ಎರಡು ಮೀಟರಿನೊಳಗೇ. ಹಾಗಾಗಿ ಇಳಿಜಾರು ಬಹಳ ಉದ್ದವಿರಬೇಕಿಲ್ಲ, ದಿನದ ಹೆಚ್ಚಿನ ಹೊತ್ತು ಅದು ಬಳಕೆಗೆ ಸಿಗುತ್ತದೆ. ಚಕ್ರ ಜಾರದಂತೆ ಗೀರು ಹಾಕಿದ ಕಾಂಕ್ರೀಟ್, ಪಕ್ಕದಲ್ಲಿ ದೋಣಿ ಕಟ್ಟಲು ಸಣ್ಣ ಜೆಟ್ಟಿ, ಟ್ರೇಲರ್ ನಿಲ್ಲಿಸಲು ಜಾಗ, ಮೇಲೆ ತಂತಿಗಳಿಲ್ಲದ ಬಯಲು, ಹವಾಮಾನದ ಫಲಕ. ಮಳೆಗಾಲದಲ್ಲಿ ಬೀಗ. ಜಾಗದ ಆಯ್ಕೆ ಮಾತ್ರ ಹೂಳು ಎಲ್ಲಿ ತುಂಬುತ್ತದೆಂದು ಬಲ್ಲ ಸ್ಥಳೀಯ ಮೀನುಗಾರರ ಸಹಕಾರ ಸಂಘಗಳನ್ನು ಕೇಳಿಯೇ ಆಗಬೇಕು. ಕರಾವಳಿಗೆ ಮರೀನಾ ತರುವ ಮಾತು ಆಗಾಗ ಕೇಳಿಬರುತ್ತದೆ. ಕರ್ನಾಟಕ ಮೆರಿಟೈಮ್ ಬೋರ್ಡ್ ಅದಕ್ಕೂ ಮೊದಲು ಹೆದ್ದಾರಿ 66ರ ಮಗ್ಗುಲಿನ ಎರಡು ಮೂರು ಅಳಿವೆಗಳಲ್ಲಿ ಇಂಥ ಇಳಿಜಾರು ಕಟ್ಟಿ, ಒಂದು ಋತು ಯಾರು ಯಾರು ಬಳಸುತ್ತಾರೆ ಎಂದು ಲೆಕ್ಕವಿಡಲಿ. ಮರೀನಾ ಎಲ್ಲಿ ಬೇಕು, ಬೇಕೇ ಬೇಡವೇ ಎಂಬ ತೀರ್ಮಾನಕ್ಕೆ ಆ ಲೆಕ್ಕವೇ ಆಧಾರವಾಗಲಿ.