ಗಿಟಾರಿನ ಶ್ರುತಿ ತಪ್ಪುವುದೇಕೆ?

ಇಲೆಕ್ಟ್ರಿಕ್ ಗಿಟಾರು ಕಲಿಯುವ ಮಕ್ಕಳಿರುವ ಮನೆಗಳಲ್ಲಿ ಒಂದು ತಕರಾರು ಆಗಾಗ ಏಳುತ್ತದೆ. ಹುಡುಗ ಅರ್ಧ ಗಂಟೆ ಕುಳಿತು ಆರೂ ತಂತಿಗಳನ್ನು ಶ್ರುತಿ ಮಾಡುತ್ತಾನೆ. ಕುದುರೆಗೆ ಸಿಕ್ಕಿಸಿದ ಉಕ್ಕಿನ ಸನ್ನೆಯನ್ನು ಎರಡು ಸಲ ಒತ್ತಿ ಬಿಡುತ್ತಾನೆ. ಅಷ್ಟಕ್ಕೇ ಅಪಸ್ವರ! "ಈಗ ತಾನೇ ಸರಿಮಾಡಿದೆಯಲ್ಲೋ, ಮತ್ತೆ ಏನಾಯಿತು?" ಎಂದು ತಾಯಿ ಕೇಳಿದರೆ ಅವನಲ್ಲಿ ಉತ್ತರವಿಲ್ಲ. ಹುಡುಗನಿಗೆ ಶ್ರುತಿಜ್ಞಾನವೇ ಇಲ್ಲವೆಂದು ತಂದೆಯ ತೀರ್ಮಾನ. ಗಿಟಾರೇ ಸರಿಯಿಲ್ಲ, ಹೊಸದು ಕೊಡಿಸಿ ಎಂದು ಮಗನ ಹಟ.

ಇಬ್ಬರೂ ತುಸು ತಾಳುವುದು ಒಳ್ಳೆಯದು. ಈ ತೊಂದರೆ ಹೆಸರಾಂತ ವಾದಕರನ್ನೇ ಸುಮಾರು ಕಾಲು ಶತಮಾನ ಕಾಡಿದೆ. ಇದರ ಕಾರಣ ತಿಳಿಯಲು ಬೇಕಾದದ್ದು ಶಾಲೆಯಲ್ಲಿ ಓದಿದ ಭೌತಶಾಸ್ತ್ರ ಮಾತ್ರ.

ತಕ್ಕಡಿಯಂಥ ಕುದುರೆ

ವೀಣೆ, ತಂಬೂರಿಗಳ ಕುದುರೆ ತಂತಿಗಳ ಕೆಳಗೆ ಕದಲದೆ ಕುಳಿತಿರುತ್ತದೆ. ಇಲ್ಲಿ ಹೇಳುತ್ತಿರುವ ಗಿಟಾರಿನ ಕುದುರೆ ಹಾಗಲ್ಲ, ಅದು ಬಾಗುತ್ತದೆ. ಇಂಥ ಕುದುರೆಗಳಲ್ಲಿ ಅತ್ಯಂತ ಹೆಸರಾದುದನ್ನು ರೂಪಿಸಿದವರು ಅಮೆರಿಕದ ಕ್ಯಾಲಿಫೋರ್ನಿಯಾದ ಫುಲ್ಲರ್ಟನ್ ಊರಿನ ಲಿಯೋ ಫೆಂಡರ್. ಮೊದಲು ರೇಡಿಯೋ ರಿಪೇರಿ ಮಾಡುತ್ತಿದ್ದ ಈತನಿಗೆ ಗಿಟಾರು ನುಡಿಸಲು ಬರುತ್ತಿರಲಿಲ್ಲ ಎಂಬುದು ಸ್ವಾರಸ್ಯದ ಸಂಗತಿ. 1954ರಲ್ಲಿ ಅವರ ಕಂಪನಿ ಹೊರತಂದ 'ಸ್ಟ್ರ್ಯಾಟೋಕ್ಯಾಸ್ಟರ್' ಗಿಟಾರಿನಲ್ಲಿ ಕುದುರೆಯ ತಟ್ಟೆಯನ್ನು ಆರು ಸ್ಕ್ರೂಗಳ ಆಧಾರದ ಮೇಲೆ ತೂಗುವಂತೆ ನಿಲ್ಲಿಸಲಾಗಿತ್ತು. ತಟ್ಟೆಯ ಅಡಿಯಲ್ಲೊಂದು ಉಕ್ಕಿನ ದಿಮ್ಮಿ. ಅದನ್ನು ಗಿಟಾರಿನ ಬೆನ್ನಿನ ಕುಳಿಯಲ್ಲಿ ಅಡಗಿಸಿಟ್ಟ ಸ್ಪ್ರಿಂಗುಗಳು ಎಳೆದು ಹಿಡಿಯುತ್ತವೆ. ಸನ್ನೆಯನ್ನು ಒತ್ತಿದರೆ ಕುದುರೆ ಮುಂದಕ್ಕೆ ಬಾಗಿ ತಂತಿಗಳು ಸಡಿಲಾಗುತ್ತವೆ, ಸ್ವರ ಇಳಿಯುತ್ತದೆ. ಬಿಟ್ಟರೆ ಸ್ಪ್ರಿಂಗುಗಳು ಕುದುರೆಯನ್ನು ಹಿಂದಕ್ಕೆ ತರುತ್ತವೆ, ಸ್ವರ ಮೇಲೇರುತ್ತದೆ.

ಫೆಂಡರ್ ಇದನ್ನು 'ಟ್ರೆಮೊಲೊ' ಎಂದು ಕರೆದರು. ಸಂಗೀತಶಾಸ್ತ್ರದ ಪ್ರಕಾರ ಟ್ರೆಮೊಲೊ ಎಂದರೆ ಧ್ವನಿಯ ಗಟ್ಟಿತನದ ಏರಿಳಿತ. ಸ್ವರದ ಏರಿಳಿತಕ್ಕೆ 'ವೈಬ್ರಾಟೊ' ಎನ್ನಬೇಕು. ಆದರೂ ಆ ತಪ್ಪು ಹೆಸರೇ ಇಂದಿಗೂ ನಿಂತಿದೆ.

ಈ ಕುದುರೆ ನಿಜವಾಗಿ ಒಂದು ತಕ್ಕಡಿ. ಒಂದು ಕಡೆ ಆರು ತಂತಿಗಳ ಎಳೆತ. ತಂತಿಗಳ ದಪ್ಪಕ್ಕೆ ತಕ್ಕಂತೆ ಇದು ಸುಮಾರು 40ರಿಂದ 45 ಕಿಲೋಗ್ರಾಂ ತೂಕ ನೇತುಹಾಕಿದಷ್ಟು! ಇನ್ನೊಂದು ಕಡೆ ಸ್ಪ್ರಿಂಗುಗಳ ಎಳೆತ. ಎರಡರ ತಿರುಗಿಸುವ ಬಲ ಸಮನಾದಾಗ ಕುದುರೆ ನಿಲ್ಲುತ್ತದೆ. ಆದ್ದರಿಂದಲೇ ಒಂದು ತಂತಿಯನ್ನು ಬಿಗಿ ಮಾಡಿದರೆ ಕುದುರೆ ತುಸು ಮುಂದೆ ಬಾಗಿ ಉಳಿದ ಐದೂ ತಂತಿಗಳ ಸ್ವರ ಇಳಿಯುತ್ತದೆ. ಒಂದು ತಂತಿ ಕಡಿದುಹೋದರೆ ಸ್ಪ್ರಿಂಗಿನ ಕೈ ಮೇಲಾಗಿ ಉಳಿದ ಐದರ ಸ್ವರ ಏರುತ್ತದೆ. ಶ್ರುತಿ ಮಾಡಲು ಹುಡುಗನಿಗೆ ಅರ್ಧ ಗಂಟೆ ಹಿಡಿದದ್ದು ಏಕೆಂದು ಈಗ ತಿಳಿಯಿತಲ್ಲವೇ? ಆರೂ ತಂತಿಗಳನ್ನು ಮೂರು ನಾಲ್ಕು ಸುತ್ತು ತಿದ್ದಿದರಷ್ಟೇ ಈ ತಕ್ಕಡಿ ಒಂದು ನೆಲೆಗೆ ಬರುತ್ತದೆ.

ಕೂದಲೆಳೆಯ ಲೆಕ್ಕ

ಇದೆಲ್ಲ ಸರಿ. ಒಮ್ಮೆ ನೆಲೆಗೆ ಬಂದ ಕುದುರೆ ಸನ್ನೆ ಬಿಟ್ಟ ಮೇಲೆ ಮತ್ತೆ ಅದೇ ನೆಲೆಗೆ ಬರಬೇಕಲ್ಲವೇ? ಸ್ಪ್ರಿಂಗು ಹುಕ್‌ನ ನಿಯಮವನ್ನು ಪಾಲಿಸುತ್ತದೆ. ಉಕ್ಕಿನ ತಂತಿಯೂ ಅಷ್ಟೇ. ಮಿತಿಯೊಳಗೆ ಎಳೆದು ಬಿಟ್ಟರೆ ಮೊದಲಿನ ಉದ್ದಕ್ಕೇ ಮರಳುತ್ತದೆ. ಹಾಗಾದರೆ ಶ್ರುತಿ ತಪ್ಪುವುದೆಲ್ಲಿ?

ಫ್ರಾನ್ಸಿನ ಮರ್ಸೆನ್ 1636ರಲ್ಲಿ ಪ್ರಕಟಿಸಿದ ನಿಯಮವನ್ನು ಪಿ.ಯು.ಸಿ. ವಿದ್ಯಾರ್ಥಿಗಳು ಬಲ್ಲರು: ತಂತಿಯ ಆವೃತ್ತಿಯು ಅದರ ಎಳೆತದ ವರ್ಗಮೂಲಕ್ಕೆ ಅನುಪಾತದಲ್ಲಿರುತ್ತದೆ. ಎಳೆತ ನೂರಕ್ಕೆ ಒಂದರಷ್ಟು ಕಡಿಮೆಯಾದರೆ ಆವೃತ್ತಿ ನೂರಕ್ಕೆ ಅರ್ಧದಷ್ಟು ಕಡಿಮೆಯಾಗುತ್ತದೆ. ಗಿಟಾರಿನ ಅತಿ ತೆಳುವಾದ ತಂತಿ ಸೆಕೆಂಡಿಗೆ ಸುಮಾರು 329.6 ಸಲ ಕಂಪಿಸುತ್ತದೆ. ಅದು 328ಕ್ಕೆ ಇಳಿಯಿತೆನ್ನೋಣ. ಹಾರ್ಮೋನಿಯಮ್ಮಿನ ಅಕ್ಕಪಕ್ಕದ ಎರಡು ಮನೆಗಳ ಅಂತರವನ್ನು ನೂರು ಪಾಲು ಮಾಡಿದರೆ ಇದು ಎಂಟೊಂಬತ್ತು ಪಾಲಾಗುತ್ತದೆ. ಪಳಗಿದ ಕಿವಿ ಐದಾರು ಪಾಲಿನ ವ್ಯತ್ಯಾಸವನ್ನೇ ಹಿಡಿದುಬಿಡುತ್ತದೆ.

ಇಷ್ಟು ಬದಲಾಗಲು ತಂತಿ ಎಷ್ಟು ಜಾರಬೇಕು? ಸ್ಟ್ರ್ಯಾಟೋಕ್ಯಾಸ್ಟರಿನಲ್ಲಿ ತಂತಿಯ ನುಡಿಯುವ ಭಾಗ 648 ಮಿಲಿಮೀಟರ್. ತೆಳು ತಂತಿಯ ದಪ್ಪ 0.23 ಮಿ.ಮೀ., ಎಳೆತ ಸುಮಾರು 6 ಕಿಲೋಗ್ರಾಂ ತೂಕದಷ್ಟು. ಯಂಗ್‌ನ ಗುಣಾಂಕ ಹಿಡಿದು ಲೆಕ್ಕ ಹಾಕಿದರೆ ಆ ಎಳೆತಕ್ಕೆ ತಂತಿ ಹಿಗ್ಗುವುದು ಸುಮಾರು ನಾಲ್ಕೂವರೆ ಮಿಲಿಮೀಟರ್ ಮಾತ್ರ. ಅದರ ನೂರನೇ ಒಂದು ಪಾಲು ಎಂದರೆ ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗಕ್ಕಿಂತಲೂ ತುಸು ಕಡಿಮೆ. ಒಂದು ತಲೆಗೂದಲಿನ ದಪ್ಪದಷ್ಟು ತಂತಿ ಎಲ್ಲಿಯಾದರೂ ಜಾರಿತೋ, ಶ್ರುತಿ ಕೆಟ್ಟಿತು!

ಜಾರಿ ಸಿಕ್ಕಿಕೊಳ್ಳುವುದೆಲ್ಲಿ?

ಗಿಟಾರಿನ ಕತ್ತಿನ ತುದಿಯಲ್ಲಿ, ಬಿರಡೆಗಳಿಗಿಂತ ಕೊಂಚ ಈಚೆಗೆ, ಆರು ಗೀರುಗಳಿರುವ ಒಂದು ಪುಟ್ಟ ಪಟ್ಟಿ ಇದೆ. ವಾದಕರು ಅದನ್ನು 'ನಟ್' ಎನ್ನುತ್ತಾರೆ. ಬೋಲ್ಟಿಗೆ ಹಾಕುವ ನಟ್ಟಿಗೂ ಇದಕ್ಕೂ ಸಂಬಂಧವಿಲ್ಲ. ಸನ್ನೆ ಒತ್ತಿದಾಗ ಕುದುರೆಯ ಕಡೆಯ ತಂತಿ ಸಡಿಲಾಗುತ್ತದೆ. ಆಗ ನಟ್‌ನ ಆಚೆ, ಬಿರಡೆಯ ಕಡೆ ಬಿಗಿಯಾಗಿರುವ ತಂತಿ ಕೂದಲೆಳೆಯಷ್ಟನ್ನು ತನ್ನತ್ತ ಎಳೆದುಕೊಳ್ಳುತ್ತದೆ. ಸನ್ನೆ ಬಿಟ್ಟಾಗ ಅದು ಹಿಂದಿರುಗಬೇಕು. ಆದರೆ ಗೀರಿನಲ್ಲಿ ಘರ್ಷಣೆ ಇದ್ದರೆ ಪೂರ್ತಿ ಹಿಂದಿರುಗುವುದಿಲ್ಲ. ನುಡಿಯುವ ಭಾಗದ ಎಳೆತ ಹೆಚ್ಚಾಗಿ, ಸ್ವರ ಇರಬೇಕಾದ್ದಕ್ಕಿಂತ ಮೇಲೆ ನಿಲ್ಲುತ್ತದೆ. ಬಿರಡೆಗೆ ಸುತ್ತಿದ ಸಡಿಲ ಸುರುಳಿಗಳಲ್ಲಿ, ಕುದುರೆ ಸ್ಕ್ರೂಗಳಿಗೆ ತಾಗುವ ಅಂಚು ಸವೆದ ಕಡೆಯಲ್ಲಿ ಕೂಡ ಇಂಥದೇ ಜಾರಾಟ ನಡೆಯುತ್ತದೆ.

ಅಮೆರಿಕದ ಜಿಮಿ ಹೆಂಡ್ರಿಕ್ಸ್ 1969ರ ಆಗಸ್ಟ್ ತಿಂಗಳಲ್ಲಿ ವುಡ್‌ಸ್ಟಾಕ್ ಉತ್ಸವದಲ್ಲಿ ತಮ್ಮ ದೇಶದ ರಾಷ್ಟ್ರಗೀತೆಯನ್ನು ಸ್ಟ್ರ್ಯಾಟೋಕ್ಯಾಸ್ಟರಿನಲ್ಲಿ ನುಡಿಸಿದರು. ಸನ್ನೆಯನ್ನು ಬಲವಾಗಿ ಒತ್ತಿ ಬಾಂಬು ಬೀಳುವ ಸದ್ದನ್ನು ಹೊರಡಿಸಿದರು. ಅಂಥ ನಿಪುಣರೂ ಕಛೇರಿಯ ನಡುನಡುವೆ ಬಿರಡೆ ತಿರುಗಿಸಿ ಶ್ರುತಿ ಸರಿಪಡಿಸಿಕೊಳ್ಳಬೇಕಾಗುತ್ತಿತ್ತು.

ಒಡವೆ ಕೆಲಸಗಾರನ ಬೀಗ

1976ರ ಸುಮಾರಿಗೆ ಫ್ಲಾಯ್ಡ್ ರೋಸ್ ಎಂಬ ಅಮೆರಿಕನ್ ತರುಣ ಈ ಸಮಸ್ಯೆಗೆ ಕೈಹಾಕಿದ. ಸಂಗೀತದ ತಂಡವೊಂದರಲ್ಲಿ ಗಿಟಾರು ನುಡಿಸುತ್ತಿದ್ದ ಈತನ ಉದ್ಯೋಗ ಒಡವೆ ಕೆಲಸ. ನಟ್‌ಗೆ ಎಣ್ಣೆ ಹಾಕಿ ನೋಡಿದ, ಬಿರಡೆಗೆ ಸುತ್ತುವ ಸುರುಳಿಗಳನ್ನು ಕಡಿಮೆ ಮಾಡಿ ನೋಡಿದ, ಫಲ ಸಿಗಲಿಲ್ಲ. ತಂತಿ ನಟ್‌ನಲ್ಲಿ ಜಾರುತ್ತಿದೆ ಎಂಬುದನ್ನು ಕಂಡುಕೊಂಡ ಮೇಲೆ ಆತನ ಯೋಚನೆಯ ದಾರಿಯೇ ಬದಲಾಯಿತು. ಜಾರುವುದನ್ನು ಸುಲಭ ಮಾಡುವ ಬದಲು ಜಾರದಂತೆಯೇ ಮಾಡಿದರೆ ಹೇಗೆ? ಹಿತ್ತಾಳೆಯಲ್ಲಿ ಮೂರು ಹಿಡಿಕೆಗಳ ನಟ್ ಮಾಡಿ, ಒಂದೊಂದು ಹಿಡಿಕೆಯಲ್ಲಿ ಎರಡೆರಡು ತಂತಿಗಳನ್ನು ಬಿಗಿದು ಬೀಗ ಹಾಕಿದಂತೆ ಮಾಡಿದ. ಹಿತ್ತಾಳೆ ಬೇಗ ಸವೆಯಿತು. ಗಡಸು ಲೋಹಕ್ಕೆ ಬದಲಾಯಿಸಿದ.

ನಟ್ ಸರಿಹೋದ ಮೇಲೆ ಕುದುರೆಯ ದೋಷಗಳು ಎದ್ದು ಕಾಣತೊಡಗಿದವು. ಅದನ್ನೂ ಹೊಸದಾಗಿ ರೂಪಿಸಿ ಅಲ್ಲಿಯೂ ತಂತಿಗಳಿಗೆ ಬಿಗಿ ಹಾಕಿದ. ಎರಡೂ ಕೊನೆಗಳಲ್ಲಿ ಬಂಧಿಯಾದ ತಂತಿ ಹಿಗ್ಗಬಹುದು, ಕುಗ್ಗಬಹುದು, ಜಾರಲಾರದು. 1979ರಲ್ಲಿ ಪೇಟೆಂಟ್ ದೊರೆಯಿತು. ಎಡ್ಡಿ ವ್ಯಾನ್ ಹ್ಯಾಲನ್‌ರಂಥ ವಾದಕರು ಇದನ್ನು ಮೊದಲ ದಿನಗಳಲ್ಲೇ ಬಳಸಿದರು.

ಪ್ರತಿಯೊಂದು ಅನುಕೂಲಕ್ಕೂ ಒಂದು ಬೆಲೆ ಇರುತ್ತದೆ. ಬೀಗ ಹಾಕಿದ ಮೇಲೆ ಬಿರಡೆ ತಿರುಗಿಸಿ ಫಲವಿಲ್ಲ. ಅದಕ್ಕಾಗಿ ಮುಂದಿನ ಮಾದರಿಗಳಲ್ಲಿ ಕುದುರೆಯ ಮೇಲೆಯೇ ಸಣ್ಣ ಶ್ರುತಿ ಸ್ಕ್ರೂಗಳು ಬಂದವು. ತಂಬೂರಿಯಲ್ಲಿ ಕುದುರೆಯಾಚೆ ಇರುವ ಮಣಿಗಳನ್ನು ಸರಿಸಿ ಶ್ರುತಿಯನ್ನು ನವಿರಾಗಿ ತಿದ್ದುವುದಿಲ್ಲವೇ? ಹಾಗೆಯೇ ಇದೂ. ತಂತಿ ಬದಲಿಸುವುದಂತೂ ಕೀಲಿಗಳನ್ನು ಹಿಡಿದು ಮಾಡುವ ತಾಳ್ಮೆಯ ಕೆಲಸ. ತಕ್ಕಡಿಯ ಗುಣವೂ ಹೋಗಿಲ್ಲ. ಇಲ್ಲಿಯೂ ಒಂದು ತಂತಿ ಕಡಿದರೆ ಉಳಿದವು ದಾರಿ ತಪ್ಪುತ್ತವೆ.

ಮನೆಯಲ್ಲಿ ಮಾಡಬಹುದಾದದ್ದು

ಬೀಗದ ಕುದುರೆ ಇಲ್ಲದ ಗಿಟಾರನ್ನು ಮೂಲೆಗೆ ಹಾಕಬೇಕಾಗಿಲ್ಲ. ನಟ್‌ನ ಗೀರುಗಳಿಗೆ ಮೆತ್ತನೆಯ ಪೆನ್ಸಿಲಿನ ಮೊನೆಯನ್ನು ಉಜ್ಜಬಹುದು. ಅದರ ಗ್ರಾಫೈಟ್ ಪದರ ಪದರವಾಗಿ ಜಾರಿ ಘರ್ಷಣೆಯನ್ನು ಕಡಿಮೆ ಮಾಡುತ್ತದೆ. ಬಿರಡೆಗೆ ಎರಡು ಮೂರು ಸುತ್ತು ಸಾಕು, ಅವು ಒಂದರ ಮೇಲೊಂದು ಏರಬಾರದು. ಹೊಸ ತಂತಿ ಹಾಕಿದಾಗ ಕೈಯಿಂದ ಮೆಲ್ಲಗೆ ಎಳೆದು ಮತ್ತೆ ಮತ್ತೆ ಶ್ರುತಿ ಮಾಡಬೇಕು. ಬೇರೆ ದಪ್ಪದ ತಂತಿ ಹಾಕಿದರೆ ಬೆನ್ನಿನ ಸ್ಪ್ರಿಂಗುಗಳ ಬಿಗಿಯನ್ನೂ ತಿದ್ದಬೇಕು.

ಕಾಲೇಜಿನ ಸೋನೋಮೀಟರಿನಲ್ಲಿ ವಿದ್ಯಾರ್ಥಿಗಳು ಇದನ್ನೇ ಪರೀಕ್ಷಿಸಬಹುದು. ಶ್ರುತಿಕವೆಗೆ ಸರಿಹೊಂದಿ ತಂತಿಯ ಮೇಲಿನ ಕಾಗದದ ತುಂಡು ಹಾರಿಬಿದ್ದ ಮೇಲೆ, ತೂಕಗಳನ್ನು ಕೈಯಲ್ಲಿ ತುಸು ಎತ್ತಿ ಮೆಲ್ಲನೆ ಇಳಿಸಿ ಮತ್ತೆ ನೋಡಿರಿ. ತೂಕ ಅಷ್ಟೇ ಇದ್ದರೂ, ರಾಟೆಯಲ್ಲೋ ಕುದುರೆಯಲ್ಲೋ ಘರ್ಷಣೆ ಹೆಚ್ಚಿದ್ದರೆ ಕಾಗದ ಈ ಸಲ ಕುಳಿತಲ್ಲೇ ಕುಳಿತಿರಬಹುದು.

ಹುಡುಗನ ಕಿವಿಯ ಮಾತಿಗೆ ಬಂದರೆ, ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗದ ಜಾರಾಟವನ್ನು ಯಾವ ಅಳತೆಪಟ್ಟಿಯೂ ತೋರಿಸದು. ಅವನ ಕಿವಿ ಅದನ್ನು ಹಿಡಿದಿದೆ. ಅಪಸ್ವರ ಕೇಳಿ ಅವನು ಮುಖ ಸಿಂಡರಿಸಿದನೆಂದರೆ ಅವನಿಗೆ ಶ್ರುತಿಜ್ಞಾನ ಇದೆ ಎಂದೇ ಅರ್ಥ. ಹೊಸ ಗಿಟಾರಿಗೆ ಹಣ ಹೊಂದಿಸುವ ಮೊದಲು ತಂದೆ ಮಗ ಒಟ್ಟಿಗೆ ಕುಳಿತು ಒಂದು ಪೆನ್ಸಿಲನ್ನು ಕೈಗೆತ್ತಿಕೊಳ್ಳಲಿ.