ಗಾಯಗೊಂಡ ಕೋಳಿಗೆ ಅರಿಶಿನ ಮೆತ್ತಿದರೆ ಸಾಕೇ?

ನಾಯಿ ಕಚ್ಚಿದ ನಾಟಿ ಕೋಳಿಗೆ ಅರಿಶಿನ, ಎಣ್ಣೆ ಕಲಸಿ ಮೆತ್ತಿದರೆ ವಾಸಿಯಾಗುತ್ತದೆ ಎಂಬ ಸಲಹೆ ನಿಮಗೂ ಬಂದಿರಬಹುದು. ನಮ್ಮ ಮನೆಯಲ್ಲೂ ಮೊದಲು ಕೈ ಹೋಗುವುದು ಅರಿಶಿನದ ಡಬ್ಬಿಗೇ. ಅದರಲ್ಲಿರುವ ಕರ್ಕ್ಯುಮಿನ್ ಪ್ರಯೋಗಾಲಯದಲ್ಲಿ ಕೆಲವು ಬ್ಯಾಕ್ಟೀರಿಯಾಗಳನ್ನು ತಡೆಯುತ್ತದೆ, ನಿಜ. ಆದರೆ ಅಡುಗೆಮನೆಯ ಪುಡಿ ಕ್ರಿಮಿಮುಕ್ತವಲ್ಲ. ತೊಳೆಯದ ಗಾಯಕ್ಕೆ ಮೆತ್ತಿದರೆ ಕೊಳೆ ಒಳಗೇ ಉಳಿಯುತ್ತದೆ. ನೊಣ ಮೊಟ್ಟೆಯಿಟ್ಟು ಹುಳವಾದರೂ ಕಾಣುವುದಿಲ್ಲ.

ಮೊದಲು ಹೇಂಟೆಯನ್ನು ಬೇರೆ ಇಡಿ. ರಕ್ತ ಕಂಡರೆ ಉಳಿದ ಕೋಳಿಗಳು ಅಲ್ಲೇ ಕುಕ್ಕುತ್ತವೆ, ಕುಕ್ಕಿ ಕೊಂದೂ ಬಿಡಬಹುದು. ಬಳಿಕ ಪುಕ್ಕ ಸರಿಸಿ, ಕುದಿಸಿ ಆರಿಸಿದ ಉಪ್ಪುನೀರಿನಿಂದ (ಲೀಟರಿಗೆ ಸುಮಾರು 9 ಗ್ರಾಂ ಉಪ್ಪು) ಗಾಯ ತೊಳೆಯಿರಿ.

ಮೈ ಸುಡುತ್ತಿದೆಯೆಂದು ಜ್ವರದ ಮಾತ್ರೆ ಕೊಡಬೇಡಿ. ಆರೋಗ್ಯವಂತ ಕೋಳಿಯ ಮೈಬಿಸಿಯೇ ಸುಮಾರು 41 ಡಿಗ್ರಿ ಸೆಲ್ಸಿಯಸ್! ಬಾಯಿಗೆ ನೀರು ಸುರಿಯುವುದೂ ಅಪಾಯ, ಶ್ವಾಸನಾಳದ ಬಾಯಿ ನಾಲಿಗೆಯ ಬುಡದಲ್ಲೇ ಇದೆ. ಬಟ್ಟಲು ಎದುರಿಗಿಡಿ, ತಾನೇ ಕುಡಿಯಲಿ.

ನಾಯಿ, ಬೆಕ್ಕಿನ ಹಲ್ಲಿನ ಗಾಯ ಮೇಲೆ ಚಿಕ್ಕದಾಗಿ ಕಂಡರೂ ಒಳಗೆ ಆಳವಿರುತ್ತದೆ. ಅದಕ್ಕೆ ಪಶುವೈದ್ಯರೇ ಬೇಕು; ಕರ್ನಾಟಕದಲ್ಲಿ 1962ಕ್ಕೆ ಕರೆ ಮಾಡಬಹುದು. ಆಂಟಿಬಯೋಟಿಕ್ ಕೊಟ್ಟರೆ ಎಷ್ಟು ದಿನ ಮೊಟ್ಟೆ ತಿನ್ನಬಾರದು, ಮಾರಬಾರದು ಎಂಬುದನ್ನೂ ಅವರನ್ನೇ ಕೇಳಿ.