ಬಣ್ಣ ನನ್ನ ಕೆಲಸವಲ್ಲ ಎಂದರೆ ಹೇಗೆ?



ಯುಗಾದಿ ಊಟದ ಸಾಲಿನಲ್ಲಿ ನಿಂತಿದ್ದಾಗ ನಮ್ಮ ಸಂಘದ ಹುಡುಗಿಯೊಬ್ಬಳು, ನಾನು ತೊಟ್ಟಿಲಲ್ಲಿ ಕಂಡ ಮಗು, "ಅಂಕಲ್, ನಾನೀಗ ಇಂಟರಾಕ್ಷನ್ ಡಿಸೈನರ್" ಎಂದಳು. ಹಾಗೆಂದರೇನಮ್ಮ ಎಂದೆ. ಕಂಪ್ಯೂಟರಿನಲ್ಲಿ ಯಾವ ಗುಂಡಿ ಒತ್ತಿದರೆ ಏನಾಗಬೇಕು, ಯಾವುದರ ನಂತರ ಯಾವುದು ಬರಬೇಕು ಎಂದು ನಿರ್ಧರಿಸುವ ಕೆಲಸವಂತೆ. "ಹಾಗಾದರೆ ಅಕ್ಷರ ಅಷ್ಟು ಸಣ್ಣ ಮಾಡಿ ನಮ್ಮ ಕಣ್ಣು ಕೀಳುವವಳು ನೀನೇನಾ?" "ಅಯ್ಯೋ ಇಲ್ಲ ಅಂಕಲ್! ಅಕ್ಷರ, ಬಣ್ಣ ಎಲ್ಲ ವಿಷುವಲ್ ಡಿಸೈನರ್ ನೋಡ್ಕೋತಾರೆ. ಅದು ನನಗೆ ಬರೋದೂ ಇಲ್ಲ, ಬೇಕಾಗೂ ಇಲ್ಲ."

ಅಂದು ಒಬ್ಬಟ್ಟು ಎದುರಿಗಿತ್ತು, ಜಗಳವಾಡಲಿಲ್ಲ. ಈಗ ಆಡುತ್ತೇನೆ.

ಕೆಲವು ವರ್ಷಗಳ ಹಿಂದೆ, ರಾತ್ರಿ ಪಾಳಿಯ ಕೊನೆಗೆ, ಒಬ್ಬ ರೋಗಿಗೆ ಬರೆಯಬೇಕಾದ ಔಷಧಿಯನ್ನು ಇನ್ನೊಬ್ಬರಿಗೆ ಬರೆದೆ. ತೆರೆಯ ಮೇಲೆ ಎರಡು ಹೆಸರು ಒಂದರ ಕೆಳಗೊಂದು. ನಡುವೆ ಕೂದಲೆಳೆಯಷ್ಟು ಜಾಗ. ಬೂದು ಬಣ್ಣದ ಮೇಲೆ ಬೂದು ಅಕ್ಷರ. ಗುಂಡಿಗಳ ಕ್ರಮದಲ್ಲಿ ಯಾವ ತಪ್ಪೂ ಇರಲಿಲ್ಲ. ಫಾರ್ಮಸಿಸ್ಟ್ ಪುಣ್ಯಾತ್ಮ ಫೋನ್ ಮಾಡಿ ತಡೆದರು. ತಪ್ಪು ನನ್ನದೇ. ಆದರೆ ಆ ತಪ್ಪಿಗೆ ದಾರಿ ಮಾಡಿಕೊಟ್ಟವರು ಯಾರು?

2000ದ ಅಮೆರಿಕದ ಚುನಾವಣೆ ನಿಮಗೆ ನೆನಪಿರಬಹುದು. ಫ್ಲೋರಿಡಾದ ಪಾಮ್ ಬೀಚ್ ಕೌಂಟಿಯಲ್ಲಿ ವಯಸ್ಸಾದವರಿಗೆ ಅನುಕೂಲವಾಗಲೆಂದು ಮತಪತ್ರದ ಅಕ್ಷರ ದೊಡ್ಡದು ಮಾಡಿದರು. ಹೆಸರುಗಳು ಒಂದು ಪುಟಕ್ಕೆ ಹಿಡಿಸದೆ ಎಡಕ್ಕೂ ಬಲಕ್ಕೂ ಹಂಚಿಹೋದವು. ತೂತು ಒತ್ತುವ ಸಾಲು ಮಾತ್ರ ನಡುವೆ ಒಂದೇ. ಎಡಗಡೆ ಗೋರ್ ಹೆಸರು ಎರಡನೆಯದು, ಆದರೆ ಎರಡನೆಯ ತೂತು ಬಲಗಡೆಯ ಬ್ಯುಕ್ಯಾನನ್ ಅವರದು! ಅವರಿಗೆ ಅಲ್ಲಿ 3,407 ಮತ ಬಿತ್ತು. ಇಡೀ ರಾಜ್ಯದಲ್ಲಿ ಬುಷ್ ಗೆದ್ದದ್ದು 537 ಮತಗಳಿಂದ. ತೂತು ಒತ್ತುವುದು "ಇಂಟರಾಕ್ಷನ್", ಹೆಸರು ಜೋಡಿಸುವುದು "ವಿಷುವಲ್" ಎಂದು ಇಲ್ಲಿ ಗೆರೆ ಎಳೆಯಬಲ್ಲವರು ಯಾರಾದರೂ ಇದ್ದರೆ ಮುಂದೆ ಬರಲಿ.

ನಮ್ಮ ವೃತ್ತಿ ಇದನ್ನು ಪೆಟ್ಟು ತಿಂದೇ ಕಲಿತಿದೆ. 1.0 ಮಿಲಿಗ್ರಾಂ ಎಂದು ಬರೆದರೆ ಚುಕ್ಕೆ ಕಾಣದೆ 10 ಆಗುತ್ತದೆ. ಅದಕ್ಕೇ ಬರೀ 1 ಎಂದು ಬರೆಯಬೇಕು. ಹೈಡ್ರಾಲಜೀನ್ ರಕ್ತದೊತ್ತಡಕ್ಕೆ, ಹೈಡ್ರಾಕ್ಸಿಜೀನ್ ತುರಿಕೆಗೆ. ಇಂಥ ಜೋಡಿಗಳು ಅದಲು ಬದಲಾಗದಿರಲೆಂದು 2001ರಲ್ಲಿ ಎಫ್‌ಡಿಎ, ಬೇರೆಯಾಗುವ ಭಾಗವನ್ನು ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ಮುದ್ರಿಸುವಂತೆ ತಯಾರಕರನ್ನು ಕೇಳಿಕೊಂಡಿತು. ಇನ್ನು ಬಣ್ಣ: ಉತ್ತರ ಯೂರೋಪ್ ಮೂಲದ ಗಂಡಸರಲ್ಲಿ ನೂರಕ್ಕೆ ಸುಮಾರು 8 ಮಂದಿಗೆ ಕೆಂಪು-ಹಸಿರಿನ ವ್ಯತ್ಯಾಸ ಸರಿಯಾಗಿ ತಿಳಿಯದು. "ಕೆಂಪು ಬಂದರೆ ನಿಲ್ಲಿ" ಎಂದಷ್ಟೇ ನಿರ್ಧರಿಸಿ ಕೈತೊಳೆದುಕೊಂಡರೆ ಅವರ ಗತಿಯೇನು?

"ಒಬ್ಬರೇ ಎಲ್ಲ ಕಲಿಯಲು ಸಾಧ್ಯವೇ?" ಎಂದು ಕೇಳುವಿರಿ. ನ್ಯಾಯವಾದ ಪ್ರಶ್ನೆ. ಎಂಬಿಬಿಎಸ್‌ನಲ್ಲಿ ನಮಗೆ ಹೆರಿಗೆ ಮಾಡಿಸುವುದನ್ನೂ ಕಲಿಸಿದರು, ಎಕ್ಸ್-ರೇ ಓದುವುದನ್ನೂ ಕಲಿಸಿದರು. ರೆಸಿಡೆನ್ಸಿಯಲ್ಲಿ ನಾನು ಹಿಡಿದದ್ದು ಇಂಟರ್ನಲ್ ಮೆಡಿಸಿನ್. ರೇಡಿಯಾಲಜಿಸ್ಟ್ ಕೆಲಸ ನಾನು ಮಾಡುವುದಿಲ್ಲ. ಆದರೆ ನಡುರಾತ್ರಿ ಎದೆಯ ಎಕ್ಸ್-ರೇ ಕೈಗೆ ಬಂದಾಗ "ಅದು ನನ್ನ ಇಲಾಖೆಯಲ್ಲ" ಎಂದರೆ ನಾನೆಂಥ ಡಾಕ್ಟರು? ಈ ಮಕ್ಕಳು ಚಿತ್ರಕಲಾವಿದರಾಗಬೇಕಿಲ್ಲ. ಅಕ್ಷರದ ಗಾತ್ರ, ಸಾಲುಗಳ ನಡುವಿನ ಜಾಗ, ಹಿನ್ನೆಲೆಗೆ ಎದ್ದು ಕಾಣುವ ಬಣ್ಣ, ಕಣ್ಣು ಮೊದಲು ಎಲ್ಲಿಗೆ ಹೋಗುತ್ತದೆ ಎಂಬ ತಿಳುವಳಿಕೆ — ಇಷ್ಟು ಬೇಕೇ ಬೇಕು.

ಬಾಳೆಎಲೆ ಊಟ ನೆನಪಿಸಿಕೊಳ್ಳಿ. ಉಪ್ಪು ಎಲೆಯ ತುದಿಯಲ್ಲಿ, ಕೋಸಂಬರಿ ಪಲ್ಯ ಅವುಗಳ ಜಾಗದಲ್ಲಿ, ಅನ್ನ ನಡುವೆ. ಏನು ಬಡಿಸಬೇಕು, ಯಾವಾಗ ಬಡಿಸಬೇಕು ಎಂದು ಗೊತ್ತಿದ್ದವರಿಗೆ ಎಲ್ಲಿ ಬಡಿಸಬೇಕು ಎಂಬುದೂ ಗೊತ್ತಿತ್ತು. ಅದು ಅಲಂಕಾರವಲ್ಲ, ಉಣ್ಣುವವರ ಅನುಕೂಲ.

ಡಾಕ್ಟರೇ ಅಕ್ಷರದ ಬಗ್ಗೆ ಉಪದೇಶ ಮಾಡುತ್ತಾನಲ್ಲ ಎಂದು ನಗುತ್ತಿದ್ದೀರಿ, ಗೊತ್ತು. ನಮ್ಮ ಕೋಳಿಕಾಲು ಬರಹದಿಂದ ರೋಗಿಗಳಿಗೆ ತೊಂದರೆಯಾದದ್ದು ನಿಜ. ಅದನ್ನು ತಪ್ಪಿಸಲೆಂದೇ ಕಂಪ್ಯೂಟರ್ ತಂದದ್ದು. ಈಗ ಆ ಕೋಳಿಕಾಲು ತೆರೆಯ ಮೇಲೇರಿದರೆ ಏನು ಬಂತು ಭಾಗ್ಯ?

ನಿಮ್ಮ ಮಕ್ಕಳು ಈ ಕೆಲಸಕ್ಕೆ ಹೊರಟಿದ್ದರೆ ಇದನ್ನು ಓದಿ ಹೇಳಿ. ಒಪ್ಪದವರು ಮುಂದಿನ ಸಂಚಿಕೆಗೆ ಬರೆಯಲಿ. ನಮ್ಮ ಸಂಪಾದಕರಿಗೂ ಒಂದು ಪುಟ ತುಂಬುತ್ತದೆ.

— ಸಂಘದ ಒಬ್ಬ ವೈದ್ಯ ಸದಸ್ಯ